ಪೈಜಾಮದ ಕಾಲು ತೋರಿಸಿದ ಗಾಳಿ

ಮಾಳಿಗೆಯ ಮೇಲೆ ಜೋಳ ತೂರುತ್ತಿದ್ದೆ. ಹೊಟ್ಟಿನ ವಾಸನೆ ಮೂಗಿಗೆ ಅಡರಿತ್ತು. ಕೆಳಗಿನಿಂದ ನಮ್ಮ ಮನೆಯವರು ಕೂಗಿದರು: "ಬಾಜೂ ಮನಿ ಕಾಕಾ ಹೋದ್ರಂತ. ನಿಡಗುಂದಿಯಿಂದ ಅವರ ಮಗಳು ಫೋನ್ ಮಾಡಿದ್ಲು."

ಮೊರ ಕೈಯಲ್ಲೇ ಉಳಿಯಿತು. ಪಕ್ಕದ ಮಾಳಿಗೆಯ ಕೋಲಿಗೆ ಕಾಕಾ ಕಟ್ಟಿದ್ದ ಹಳೆಯ ಪೈಜಾಮದ ಕಾಲು ಇನ್ನೂ ಗಾಳಿಗೆ ಉಬ್ಬಿ ಆಡುತ್ತಿತ್ತು...

ನಾನು ಮದುವೆಯಾಗಿ ಇಂಡಿಗೆ ಬಂದ ವರ್ಷವೇ ಅವರೂ ಪುಣೆಯ ವಿಮಾನ ನಿಲ್ದಾಣದ ಕೆಲಸದಿಂದ ನಿವೃತ್ತರಾಗಿ ಊರಿಗೆ ಬಂದಿದ್ದರು. ಅಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ನೋಡಿಕೊಳ್ಳುತ್ತಿದ್ದರಂತೆ. ಇಲ್ಲೂ ಆ ಚಾಳಿ ಬಿಡದೆ ಮಾಳಿಗೆಯ ಕೋಲಿಗೆ ಪೈಜಾಮದ ಕಾಲು ಕಟ್ಟಿದರು. ಹೊಸದರಲ್ಲಿ ನಾನು ಗಾಳಿಗೆ ಮುಖ ಕೊಟ್ಟು ತೂರಿ, ಮೈತುಂಬ ಹೊಟ್ಟು ಮಾಡಿಕೊಂಡು ನಿಂತಿದ್ದೆ. ಪಕ್ಕದ ಮಾಳಿಗೆಯಿಂದ ಕಾಕಾ ಕೂಗಿದರು:

"ತಿರುಗಿ ನಿಂದರವಾ! ನೀ ಏನ್ ವಿಮಾನ ಏನು? ಜ್ವಾಳಕ್ಕ ಗಾಳಿ ಬೆನ್ನಿಗಿರಬೇಕು, ವಿಮಾನಕ್ಕ ಮಾರಿಗಿರಬೇಕು."

"ಬೆನ್ನಿಗಿದ್ರ ದೂಡಿ ಲಗೂನ ಏರಸಂಗಿಲ್ಲೇನ್ರಿ ಕಾಕಾ?"

"ದೂಡತೈತಿ, ಆದ್ರ ಎತ್ತಂಗಿಲ್ಲ. ಎದುರು ಗಾಳಿ ರೆಕ್ಕಿಗೆ ಸಿಕ್ರ ಲಗೂನ ಏಳತೈತಿ. ಬೆನ್ನಿಂದಾದ್ರ ಭಾಳ ದೂರ ಓಡಬೇಕು, ದಾರಿನ ಸಾಲಂಗಿಲ್ಲ. ಅದಕ್ಕ ಗಾಳಿ ತಿರುಗಿದ್ರ ಆ ಕಡೆ ತುದಿಗೆ ಹೋಗಿ ಓಡಸ್ತಾರ."

ಅಷ್ಟು ವಿಮಾನ ಏರುವುದನ್ನು ಕಂಡವರು ಒಂದರಲ್ಲೂ ಕೂತವರಲ್ಲ. ಕಳೆದ ತಿಂಗಳು, ಬಸವಣ್ಣನ ದಯೆ, ನಮಗೆ ಕಾಶಿಗೆ ವಿಮಾನದಲ್ಲಿ ಹೋಗುವ ಯೋಗ ಬಂತು. ಹೊರಡುವಾಗ ಕಾಕಾ ಬಾಗಿಲಿಗೇ ಬಂದರು. "ಏಳೂಮುಂದ ಹೆಂಗ ಅನಸತೈತಿ, ಬಂದು ನನಗ ಹೇಳಬೇಕ ನೋಡವಾ."

ನಾವು ಹತ್ತಿ ಕೂತ ಮೇಲೆ, ಇನ್ನೇನು ಓಡಬೇಕಿದ್ದ ವಿಮಾನ ನಿಂತಿತು. ಆಮೇಲೆ ಹೊರಳಿ, ನಿಧಾನ ಇನ್ನೊಂದು ತುದಿಗೆ ಹೊರಟಿತು. ನಮ್ಮವರು ಬೆವತರು. "ಏನೋ ಕೆಟ್ಟೈತಿ, ಇಳದು ಬಿಡೂಣು."

"ಎಲ್ಲಿ ಇಳೀತೀರಿ? ಸುಮ್ನ ಕೂಡ್ರಿ, ಗಾಳಿ ತಿರುಗೇತಿ," ಎಂದೆ.

ಎದುರುಗಾಳಿಗೆ ವಿಮಾನ ಹಗುರಾಗಿ ಎದ್ದಾಗ ನನಗೆ ದೇವರಿಗಿಂತ ಮೊದಲು ಕಾಕಾ ನೆನಪಾದರು. ಹೀಗೆ ಹೇಳಬೇಕು, ಹಾಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಂದು ನೋಡಿದರೆ ಅವರ ಮನೆಗೆ ಬೀಗ. ಹುಷಾರಿಲ್ಲವೆಂದು ಮಗಳು ಕರೆದೊಯ್ದಿದ್ದಳು. ಫೋನಿನಲ್ಲಿ ಹೇಳಿ ಮುಗಿಸುವ ಮಾತೇ ಅದು? ಬರಲಿ, ಎದುರಿಗೆ ಕೂತು ಹೇಳೋಣ ಎಂದುಕೊಂಡೆ...

ನಿದ್ದೆಯಲ್ಲೇ ಹೋದರಂತೆ, ನರಳಲಿಲ್ಲವಂತೆ. ದೇವರು ಅಷ್ಟಾದರೂ ಮಾಡಿದ.

ಕಾಕಾರನ್ನು ಮಣ್ಣು ಮಾಡಲು ನಿಡಗುಂದಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಜೋಳ ಬಿಟ್ಟು ಹೋಗುವಂತಿರಲಿಲ್ಲ. ಮತ್ತೆ ಮೊರ ಎತ್ತಿದೆ. ಹೊಟ್ಟು ನೇರ ಮುಖಕ್ಕೆ ಬಂತು. ಪಕ್ಕದ ಮಾಳಿಗೆಯಿಂದ ಯಾರೂ ಕೂಗಲಿಲ್ಲ. ತಲೆಯೆತ್ತಿ ನೋಡಿದೆ, ಪೈಜಾಮದ ಕಾಲು ನನ್ನ ಕಡೆಗೆ ಚಾಚಿತ್ತು. ಕಣ್ಣೊರೆಸಿಕೊಂಡೆ. ತಿರುಗಿ ನಿಂತು ಉಳಿದ ಜೋಳ ತೂರಿದೆ.