ನಾಲ್ಕನೆಯ ನಂಬರಿನ ಸೆಟ್ಟಿಂಗ್

ಮೊನ್ನೆ ನಮ್ಮ ಮನೆಗೆ ಪಿಯಾನೋ ರಿಪೇರಿಯವರು ಬಂದಿದ್ದರು. ಅರಸೀಕೆರೆಯಲ್ಲಿ ಪಿಯಾನೋ ರಿಪೇರಿ ಮಾಡುವವರು ಯಾರಿದ್ದಾರೆ ಎಂದು ನೀವು ಕೇಳಬಹುದು. ಯಾರೂ ಇಲ್ಲ. ಇವರು ಬಂದದ್ದು ಹಾಸನದಿಂದ, ಅದೂ ಮೂರು ಸಲ ಫೋನು ಮಾಡಿದ ಮೇಲೆ. ನನ್ನದು ಕರೆಂಟಿನಲ್ಲಿ ನಡೆಯುವ ಡಿಜಿಟಲ್ ಪಿಯಾನೋ. ಕೆಲವು ದಿನಗಳಿಂದ ಬಾರಿಸುತ್ತಿದ್ದಂತೆಯೇ ತನಗೆ ತೋಚಿದ ವಾದ್ಯದ ಸದ್ದಿಗೆ ಹಾರುತ್ತಿತ್ತು. ಅವರು ಎರಡು ಗುಂಡಿ ಒತ್ತಿ ನೋಡಿ, "ಮೇಡಂ, ಫುಲ್ ರೀಸೆಟ್ ಮಾಡ್ಬೇಕು. ನೀವು ಸೇವ್ ಮಾಡಿರೋದೆಲ್ಲ ಹೋಗುತ್ತೆ, ಪರ್ವಾಗಿಲ್ವಾ?" ಎಂದರು.

"ತಡೀರಿ!" ಎಂದೆ. ಎಷ್ಟು ಜೋರಾಗಿ ಅಂದೆನೆಂದರೆ ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ಆ ಪಿಯಾನೋದ ನಾಲ್ಕನೆಯ ನಂಬರಿನಲ್ಲಿ ನನ್ನ ಚಿಕ್ಕಪ್ಪನ ಕಾಲಿದೆ. ಇದನ್ನು ಹಾಸನದವರಿಗೆ ಹೇಗೆ ವಿವರಿಸಲಿ? ಅವರಿಗೆ ಕಾಫಿ ಕೊಟ್ಟು ಕೂರಿಸಿದೆ. ನಿಮಗಾದರೆ ಹೇಳುತ್ತೇನೆ, ಕೇಳಿ.

ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ರಿಟೈರಾದ ವರ್ಷ ಈ ಪಿಯಾನೋ ಕೊಂಡೆ. ಪಕ್ಕದ ಮನೆಯಾಕೆ ಬಂದು ನೋಡಿ, "ಮೊಮ್ಮಗಳಿಗಾ ಟೀಚರೇ?" ಎಂದು ಕೇಳಿದರು. ನನಗೇ ಎಂದಾಗ ಅವರ ಮುಖ ನೋಡಬೇಕಿತ್ತು. ಪ್ರಶ್ನೆ ಪೂರ್ತಿ ಓದದೆ ಲೆಕ್ಕ ಮಾಡುತ್ತೀರಲ್ಲ ಎಂದು ಮಕ್ಕಳನ್ನು ಜೀವಮಾನವಿಡೀ ಬೈದವಳು ನಾನು. ಆ ಪಿಯಾನೋ ಜೊತೆ ಬಂದ, ಅದನ್ನು ಬಳಸುವ ಬಗೆ ತಿಳಿಸುವ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ ಒಂದು ವರ್ಷ ಹರಿದಿರಲಿಲ್ಲ.

ಚಿಕ್ಕಪ್ಪ ಮಾದಿಹಳ್ಳಿಯವರು. ತೆಂಗಿನ ತೋಟ, ಎರಡು ಹಸು, ಇವೆಲ್ಲ ಅವರ ಉಪಕಸುಬು ಎಂದೇ ನಾವು ತಿಳಿದಿದ್ದೆವು. ಸುತ್ತಲ ಹಳ್ಳಿಗಳಿಗೆ ಅವರು ಹಾರ್ಮೋನಿಯಂ ಮೇಷ್ಟ್ರು. ಅಂದರೆ ಬರೀ ಬಾರಿಸುವವರಲ್ಲ. ನಾಟಕ ಆಡಬೇಕೆಂದು ಆಸೆಪಟ್ಟ ರೈತರಿಗೆ ಮಾತು, ಹಾಡು, ನಡಿಗೆ ಎಲ್ಲವನ್ನೂ ಕಲಿಸಿ ಸ್ಟೇಜಿಗೆ ಹತ್ತಿಸುವವರು. ಓದು ಬಾರದವರ ಬಾಯಲ್ಲೂ ಉದ್ದುದ್ದ ಕಂದ ಪದ್ಯ ಹಾಡಿಸಿದ್ದಾರೆ. ಅವರದು ಕಾಲು ಹಾರ್ಮೋನಿಯಂ. ಮೇಜಿನಷ್ಟು ಎತ್ತರ, ಕೆಳಗೆ ಎರಡು ಪೆಡಲು. ಎಡಗಾಲು ಬಲಗಾಲು ಒಂದಾದ ಮೇಲೊಂದು ತುಳಿಯುತ್ತಿದ್ದರೆ ತಿದಿಗೆ ಗಾಳಿ ತುಂಬಿ ಸ್ವರ ಹೊರಡುತ್ತದೆ. ಬಾರಿಸಲು ಎರಡು ಕೈಯೂ ಬಿಡುವಾಗಿರುತ್ತವೆ. ಊಟಕ್ಕೆ ಕೂತಾಗಲೂ ಚಿಕ್ಕಪ್ಪನ ಕಾಲು ಆಡುತ್ತಿತ್ತು. ಚಿಕ್ಕಮ್ಮ ರೇಗುತ್ತಿದ್ದರು.

ಆರು ವರ್ಷದ ಹಿಂದೆ, ಅವರ ಊರಿನದೇ ನಾಟಕಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಇಲಿಗಳು ಹಾರ್ಮೋನಿಯಮ್ಮಿನ ತಿದಿ ಕಡಿದು ಹಾಕಿದವು. ರಿಪೇರಿಗೆ ಹತ್ತು ದಿನ ಬೇಕು. ಊರಿನ ಹುಡುಗರು ಹಾಸನದಿಂದ ಕೀಬೋರ್ಡಿನವರನ್ನು ಕರೆಸೋಣ, ಮೇಷ್ಟ್ರಿಗೂ ವಯಸ್ಸಾಯಿತು, ಇನ್ನುಮೇಲೆ ಹಾಗೇ ಆಗಲಿ ಎಂದರಂತೆ. ನಲವತ್ತು ವರ್ಷ ಕೂತ ಜಾಗ. ಚಿಕ್ಕಪ್ಪ ಯಾರ ಹತ್ತಿರವೂ ವಾದ ಮಾಡಲಿಲ್ಲ. ನನಗೆ ಫೋನು ಮಾಡಿ, "ನಿನ್ ಪೆಟ್ಗೆ ತತ್ತೀಯೇನವ್ವ?" ಎಂದರು ಅಷ್ಟೆ.

ಪಿಯಾನೋವನ್ನು ಕಂಬಳಿಯಲ್ಲಿ ಸುತ್ತಿ, ಲಗೇಜ್ ಆಟೋದಲ್ಲಿ ಹಾಕಿಸಿ, ಜಾವಗಲ್ಲು ಹಳೇಬೀಡು ದಾಟಿಸಿ ಮಾದಿಹಳ್ಳಿಯ ಸಮುದಾಯ ಭವನದಲ್ಲಿ ಇಳಿಸಿದೆ. ಮಧ್ಯಾಹ್ನದ ತಾಲೀಮಿಗೆ ಪಾರ್ಟಿನವರೆಲ್ಲ ಸೇರಿದ್ದರು. ಚಿಕ್ಕಪ್ಪ ಚಪ್ಪಲಿ ಬಿಟ್ಟು ಕೂತು ಬಾರಿಸಲು ಶುರುಮಾಡಿದರು. ಕಾಲೂ ಶುರುವಾಯಿತು. ಪಿಯಾನೋದ ಬಲ ಪೆಡಲಿನ ಕೆಲಸವೇ ಬೇರೆ, ಅದನ್ನು ತುಳಿದರೆ ಬಾರಿಸಿದ ಸ್ವರ ನಿಲ್ಲದೆ ಗುಂಯ್‌ಗುಡುತ್ತದೆ. ಒಂದರ ಮೇಲೊಂದು ಸ್ವರ ಬಿದ್ದು ಸಾರು, ಪಾಯಸ, ಮಜ್ಜಿಗೆ ಒಂದೇ ಎಲೆಯಲ್ಲಿ ಸೇರಿಹೋದಂತಾಯಿತು. ಸಾಲದ್ದಕ್ಕೆ ದೊಡ್ಡ ಸಭಾಂಗಣದ ಮಾರ್ದನಿ ಬರುವಂತೆ ನಾನೇ ಹೆಮ್ಮೆಯಿಂದ ಇಟ್ಟುಕೊಂಡಿದ್ದೆ.

"ಇದೇನವ್ವ, ಬಾವಿವೊಳ್ಗೆ ಕುಂತು ಬಾರ್ಸಿದಂಗೈತೆ?" ಎಂದರು ಚಿಕ್ಕಪ್ಪ.

ರಾಜನ ಪಾರ್ಟು ಮಾಡುವ ಡೇರಿ ಸೆಕ್ರೆಟರಿ ಹಾಡು ನಿಲ್ಲಿಸಿ, "ಎಲ್ಲಿ ಎತ್ಕಬೇಕು ಅಂತ್ಲೇ ಗೊತ್ತಾಯ್ತಿಲ್ಲ ಮೇಷ್ಟ್ರೇ" ಎಂದರು. ಹಿಂದೆ ನಿಂತಿದ್ದ ಒಬ್ಬಾತ ಹಾಸನಕ್ಕೆ ಫೋನು ಮಾಡಲು ಆಗಲೇ ನಂಬರು ತೆಗೆದಿದ್ದ.

"ಕಾಲು ಆಡಿಸ್ಬೇಡಿ ಚಿಕ್ಕಪ್ಪ" ಎಂದೆ ಮೆಲ್ಲಗೆ. ಅವರು ಕಾಲು ನಿಲ್ಲಿಸಿದರು. ಕೈಯೂ ನಿಂತಿತು.

ಕೊನೆಗೆ ಕನ್ನಡಕ ಹಾಕಿಕೊಂಡು ಆ ಪುಸ್ತಕದ ಪ್ಲಾಸ್ಟಿಕ್ ಹರಿದೆ. ಮಾರ್ದನಿಯನ್ನು ಸಣ್ಣ ಕೋಣೆಯಷ್ಟಕ್ಕೆ ಇಳಿಸಿದೆ. ಹಾರ್ಮೋನಿಯಂ ರೀಡಿನಂಥ ಸದ್ದು ಹುಡುಕಿದೆ. ಪೆಡಲುಗಳನ್ನೆಲ್ಲ ಆಫ್ ಮಾಡಿದೆ. ಎಲ್ಲರೂ ಸರಿಯಾಯಿತು ಎಂದರು, ಚಿಕ್ಕಪ್ಪ ಮಾತ್ರ "ಉಸ್ರೇ ಇಲ್ವಲ್ಲವ್ವ" ಎಂದರು. ಮತ್ತೆ ಪುಟ ತಿರುವಿದೆ. ಹಣೆಯಲ್ಲಿ ಬೆವರು, ಸುತ್ತ ಇಪ್ಪತ್ತು ಜನ. ಪೆಡಲಿನ ಕೆಲಸವನ್ನು ಬದಲಿಸಬಹುದು ಎಂದು ಒಂದು ಮೂಲೆಯಲ್ಲಿ ಬರೆದಿತ್ತು. ಬಲ ಪೆಡಲಿಗೆ ಸದ್ದು ಏರಿಸಿ ಇಳಿಸುವ ಕೆಲಸ ಕೊಟ್ಟೆ. ತುಳಿದಷ್ಟು ಸದ್ದು, ಬಿಟ್ಟರೆ ಇಳಿತ. ಎಡ ಪೆಡಲಿಗೂ ಅದೇ ಕೆಲಸ ಕೊಡಲು ಹೋದರೆ ಯಂತ್ರ ಒಪ್ಪಲಿಲ್ಲ. ಅದನ್ನು ಆಫ್ ಆಗಿಯೇ ಬಿಟ್ಟು, "ಎರಡೂ ಸರಿಹೋಯ್ತು ಚಿಕ್ಕಪ್ಪ" ಎಂದು ಹಸಿ ಸುಳ್ಳು ಹೇಳಿದೆ.

ಅವರು ಕೂತರು. ಎರಡು ಕಾಲೂ ಆಡಿದವು. ಸ್ವರ ಎದ್ದು ಉಸಿರಾಡಿತು. ಡೇರಿ ಸೆಕ್ರೆಟರಿ ಎದೆಯುಬ್ಬಿಸಿ ಪದ್ಯ ಎತ್ತಿಕೊಂಡರು, ಮುಗಿಯುವವರೆಗೆ ಯಾರೂ ಮಿಸುಕಲಿಲ್ಲ. ಹಿಂದಿದ್ದಾತ ಫೋನನ್ನು ಜೇಬಿಗೆ ಇಳಿಸಿದ. ಆ ವರ್ಷದ ನಾಟಕಕ್ಕೂ ಮೇಷ್ಟ್ರು ಚಿಕ್ಕಪ್ಪನೇ. ಅವತ್ತಿನ ಸೆಟ್ಟಿಂಗನ್ನು ನಾಲ್ಕನೆಯ ನಂಬರಿನಲ್ಲಿ ಉಳಿಸಿದೆ. ನನ್ನ ಯಾವ ವಿದ್ಯಾರ್ಥಿ ನೂರಕ್ಕೆ ನೂರು ತೆಗೆದಾಗಲೂ ನಾನು ಅಷ್ಟು ಹೆಮ್ಮೆಪಟ್ಟಿರಲಿಲ್ಲ.

ಹಾಸನದವರ ಕಾಫಿ ಮುಗಿದಿತ್ತು. ಚಿಕ್ಕಪ್ಪನಿಗೆ ಫೋನು ಮಾಡಿ ವಿಷಯ ಹೇಳಿದೆ.

"ಅಳುಸ್ಲಿ ಬಿಡವ್ವ. ನನ್ ಕಾಲು ನನ್ ತಾವೇ ಐತೆ" ಎಂದರು.

ರೀಸೆಟ್ ಆಯಿತು. ಹಾಸನದವರು ಹೋದ ಮೇಲೆ ಪುಸ್ತಕ ಮುಟ್ಟದೆ ನೆನಪಿನಿಂದಲೇ ಎಲ್ಲವನ್ನೂ ಮತ್ತೆ ಇಟ್ಟೆ. ಸರಿಯಾಗಿದೆಯೇ ಎಂದು ತಿಳಿಯಬೇಕಲ್ಲ, ಚಿಕ್ಕಪ್ಪನಿಗೆ ಮತ್ತೆ ಫೋನು ಮಾಡಿ, ಅದನ್ನು ಪಕ್ಕದಲ್ಲಿಟ್ಟು ಬಾರಿಸಿದೆ.

"ಬಲಗಾಲು ಓಡ್ತೈತೆ" ಎಂದರು ಚಿಕ್ಕಪ್ಪ. "ಎಡಗಾಲು ಯಾಕೆ ಆಡುಸ್ತಿಲ್ಲ?"

ಫೋನಿನಲ್ಲಿ ಅದು ಹೇಗೆ ಕೇಳಿಸಿತೋ! ಇನ್ನು ಮುಚ್ಚಿಡುವುದು ಏನಿದೆ? "ಎಡಕ್ಕೆ ಕೆಲಸವೇ ಇಲ್ಲ ಚಿಕ್ಕಪ್ಪ. ಅವತ್ತೂ ಇರ್ಲಿಲ್ಲ. ನಾನು ಸುಳ್ಳು ಹೇಳಿದ್ದೆ."

ಅವರು ನಕ್ಕರು. "ಮೊದ್ಲನೇ ಪದ್ಯಕ್ಕೇ ಗೊತ್ತಾಯ್ತು ಕಣವ್ವ. ಅಷ್ಟು ಜನದ ಮುಂದೆ ನೀನು ಬೆವ್ರು ಸುರುಸ್ತಾ ಕುಂತಿದ್ದೆ, ಅದ್ಯಾಕೆ ಹೇಳನ ಅಂತ ಸುಮ್ಕಾದೆ. ಎಡಗಾಲು ಆಡ್ತಾ ಇದ್ರೇನೆ ಬಲಗಾಲು ಹದ್ದುಬಸ್ತಲ್ಲಿರೋದು. ಆಡ್ಸು."

ಚಿಕ್ಕಪ್ಪನ ಮಾನ ಉಳಿಸಿದವಳು ನಾನು ಎಂದು ಆರು ವರ್ಷ ಬೀಗಿದ್ದೆ. ಈಗಲೂ ಬೀಗುತ್ತೇನೆ, ಇಂಥವರ ಮನೆಯ ಮಗಳು ಎಂದು. ಚಪ್ಪಲಿ ಬಿಟ್ಟು ಆ ಸತ್ತ ಪೆಡಲಿನ ಮೇಲೆ ಎಡಗಾಲಿಟ್ಟು ತುಳಿದೆ. ಬಲ, ಎಡ, ಬಲ, ಎಡ.

"ಹೂಂ, ಈಗ ಸರಿಹೋಯ್ತು" ಎಂದಿತು ಫೋನು. "ಮುಂದಕ್ಕೆ ಬಾರ್ಸು."