ಬಣ್ಣ ಬಾರದ ಗುಳಿ

೧೯೯೮ರ ಮಾರ್ಚ್, ಒಂದು ಮಂಗಳವಾರ, ಬೆಳಿಗ್ಗೆ ಆರೂವರೆ. ದೊಮ್ಮಲೂರಿನ ನಮ್ಮ ಪ್ರಯೋಗಾಲಯದ ಹಿಂದಿನ ಕೋತಿಗಳ ಕೋಣೆಯಲ್ಲಿ ಇದ್ದವರು ಮೂವರು: ಮೇಲ್ವಿಚಾರಕನಾದ ನಾನು, ಪಶುವೈದ್ಯೆ, ಮತ್ತು ಮರ್ಫಿ ಟೌನಿನಿಂದ ಸೈಕಲ್ಲಿನಲ್ಲಿ ಬಂದು ಕೋತಿಗಳಿಗೆ ಮೇವು ನೀರು ನೋಡುತ್ತಿದ್ದ ನೌಕರ.

ಎರಡು ವಾರದ ಹಿಂದೆ ಎರಡು ಕೋತಿಗಳಿಗೆ ದಡಾರದ ಗುಳ್ಳೆ ಎದ್ದಿತ್ತು. ಅವು ಆಗಲೇ ಚೇತರಿಸಿಕೊಂಡು ಕಡಲೆಕಾಯಿಗೆ ಕೈ ಚಾಚುತ್ತಿದ್ದವು. ಮೂರನೆಯದು ಮುದಿ ಹೆಣ್ಣು. ಗುಳ್ಳೆ ಇರಲಿಲ್ಲ, ಬರೀ ಕೆಮ್ಮು. ಮೂರು ದಿನದಿಂದ ಏನೂ ಮುಟ್ಟದೆ ಗೋಡೆಗೆ ಮುಖ ಮಾಡಿ ಕೂತಿತ್ತು. ಮೈಯ ರೋಗ ತಡೆಯುವ ಶಕ್ತಿಯನ್ನೇ ತಿನ್ನುವ ಒಂದು ವೈರಸ್ ಅದರ ರಕ್ತದಲ್ಲಿ ಮೊದಲಿನಿಂದಲೂ ಇತ್ತು.

ಹಿಂದಿನ ದಿನ ಮೂರರ ರಕ್ತವನ್ನೂ ಪರೀಕ್ಷಿಸಿದ್ದೆವು. ದಡಾರದ ವಿರುದ್ಧ ಮೈ ಪ್ರತಿಕಾಯ ಕಟ್ಟಿದ್ದರೆ, ಪರೀಕ್ಷೆಯ ತಟ್ಟೆಯಲ್ಲಿ ಆ ರಕ್ತ ಹಾಕಿದ ಪುಟ್ಟ ಗುಳಿ ಹಳದಿಯಾಗುತ್ತದೆ. ಎರಡು ಗುಳಿ ಅರಿಸಿನದ ನೀರಿನಂತಿದ್ದವು. ಮುದಿಯದರ ಗುಳಿಗೆ ಬಣ್ಣವೇ ಬಂದಿರಲಿಲ್ಲ.

"ಹಾಗಾದ್ರೆ ಇದಕ್ಕೆ ದಡಾರ ಇಲ್ಲ. ಉಳ್ಕೊಳ್ಳುತ್ತೆ ಅಲ್ವಾ ಮೇಡಂ?" ಎಂದೆ.

"ಗಂಟಲಲ್ಲಿ ದಡಾರದ ವೈರಸ್ ಸಿಕ್ಕಿದೆ ಸಾರ್. ಗುಳ್ಳೆ ಏಳೋಕೂ, ಗುಳಿಗೆ ಬಣ್ಣ ಬರೋಕೂ ಮೈಯಲ್ಲಿ ಶಕ್ತಿ ಬೇಕು. ಇದರ ಹತ್ರ ಅದೂ ಇಲ್ಲ."

ಕೋತಿಗಳಿಗೆ ದಡಾರ ಬರುವುದು ಮನುಷ್ಯರಿಂದ. ಆಕೆ ನೌಕರನ ಕಡೆ ತಿರುಗಿದರು. ಅವನು ಬಕೆಟ್ ಕೆಳಗಿಟ್ಟ.

"ಹೋದ ತಿಂಗಳು ಮೊದ್ಲು ಮಗಳಿಗೆ ಅಮ್ಮ ಆಗಿತ್ತು ಮೇಡಂ, ಆಮೇಲೆ ನಂಗೆ. ಅಮ್ಮ ಇರೋ ಮನೆಯಿಂದ ಹೊರಗೆ ಕಾಲಿಡ್ಬಾರ್ದು ಅಂತ ರಜಾ ಕೇಳ್ದೆ. ಈ ಸಾರೇ ಡಾಕ್ಟರ್ ಚೀಟಿ ತಾ ಅಂದ್ರು. ಅಮ್ಮಂಗೆ ಬೇವಿನ ಸೊಪ್ಪು ಕಟ್ತೀವಿ, ಡಾಕ್ಟರ್ ಹತ್ರ ಹೋಗ್ತೀವಾ?"

ನಿಜ. "ಬೇವಿನ ಸೊಪ್ಪು ಕಟ್ಟೋಕೆ ಒಂದು ವಾರ ಬೇಕೇನಯ್ಯಾ?" ಎಂದು ನಾನೇ ಹಂಗಿಸಿದ್ದೆ. ಮರುದಿನ ಅವನು ಆ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಹೊತ್ತಿಗೆ ಸರಿಯಾಗಿ ಬಂದಿದ್ದ. ಇನ್ನು ಮುಂದೆ ದಿನಾ ಹೀಗೇ ನೀಟಾಗಿ ಬಾ ಎಂದು ಹೊಗಳಿದ್ದೂ ನೆನಪಿದೆ.

ಮುದಿ ಕೋತಿ ಮಧ್ಯಾಹ್ನ ಎರಡೂವರೆಗೆ ಸತ್ತಿತು. ಕೊನೆಯ ಗಂಟೆ ಅವನ ಬೆರಳನ್ನು ಸರಳಿನ ಸಂದಿಯಿಂದ ಹಿಡಿದುಕೊಂಡಿತ್ತು. ಅವನು ಬಿಡಿಸಿಕೊಳ್ಳಲಿಲ್ಲ. ಆಮೇಲೆ ಬ್ಲೀಚಿಂಗ್ ಪುಡಿ ಹಾಕಿ ಗೂಡನ್ನು ಎರಡು ಸಲ ಅವನೂ ನಾನೂ ಸೇರಿ ತೊಳೆದೆವು.

"ನನ್ನ ಕೆಲಸ ಹೋಗುತ್ತಾ ಸಾರ್?" ಎಂದು ಕೇಳಿದ. "ಮನೆಗೆ ಹೋಗು," ಎಂದೆ.

ಸಾವಿನ ರಿಜಿಸ್ಟರಿನಲ್ಲಿ 'ಸೋಂಕು ಎಲ್ಲಿಂದ' ಎಂಬ ಕಾಲಂ ಮಾತ್ರ ವೈದ್ಯೆ ನನಗೆ ಬಿಟ್ಟಿದ್ದರು. 'ದಡಾರವಿದ್ದ ನೌಕರನಿಗೆ ರಜೆ ನಿರಾಕರಿಸಿ ಕೆಲಸಕ್ಕೆ ಕರೆಸಿದ್ದು ನಾನು' ಎಂದು ಬರೆದೆ. ಸಹಿ ಹಾಕಿ, ಶಾಯಿ ಆರುವವರೆಗೆ ಕಾದು, ಪುಸ್ತಕ ಮುಚ್ಚಿದೆ.