ಎರಡು ಬ್ರೇಕಿನ ಕಾರು

ಡರ್ಬಿಯಲ್ಲಿ ಹಲ್ಲಿನ ಡಾಕ್ಟರಾಗಿ ಹನ್ನೊಂದು ವರ್ಷ ಕಳೆದ ಮೇಲೆ, ಒಂದು ಜನವರಿ ಬೆಳಿಗ್ಗೆ ಮನೆಯೆದುರಿನ ಹಿಮಗಟ್ಟಿದ ಕಾಲುದಾರಿಯಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡೆ. ಮೂಳೆ ಚೆನ್ನಾಗಿಯೇ ಕೂಡಿತು. ಪ್ಲೇಟು ಕೂರಿಸಿದ ಸರ್ಜನ್ ಎಕ್ಸ್‌ರೇ ನೋಡಿ ತಮಗೆ ತಾವೇ ಶಹಬ್ಬಾಸ್ ಹೇಳಿಕೊಂಡರು. ಬೆರಳುಗಳು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ಚಮಚ ಹಿಡಿದರೆ ಸಾರು ತುಳುಕುತ್ತಿತ್ತು. ಅಂಥ ಕೈಯಲ್ಲಿ ಡ್ರಿಲ್ ಹಿಡಿದು ಇನ್ನೊಬ್ಬರ ಬಾಯಿಗೆ ಹೋಗುವುದು ಹೇಗೆ? ಕ್ಲಿನಿಕ್ಕಿಗೆ ರಜೆ ಹಾಕಿದೆ.

ಕೈಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಥೆರಪಿಸ್ಟ್ ಹಿಸುಕಲು ರಬ್ಬರ್ ಚೆಂಡು ಕೊಟ್ಟಳು. ತಿಂಗಳೊಳಗೆ ನನಗೆ ಅದರ ಮುಖ ನೋಡಿದರೇ ಸಿಟ್ಟು ಬರತೊಡಗಿತು. "ಹಾಗಾದರೆ ನಿಮಗಿಷ್ಟವಾಗುವ ಯಾವುದಾದರೂ ಸೂಕ್ಷ್ಮ ಕೆಲಸ ಹುಡುಕಿಕೊಳ್ಳಿ, ದಿನಾ ಮಾಡಿ" ಎಂದಳು. ನನ್ನ ಗಂಡ ಇಲ್ಲಿನ ವಿಮಾನದ ಇಂಜಿನ್ ಕಾರ್ಖಾನೆಯಲ್ಲಿ ಇಂಜಿನಿಯರ್. ಯಾರೋ ಹೇಳಿದರೆಂದು ಒಂದು ಶನಿವಾರ ಬೆಳಿಗ್ಗೆ ನನ್ನನ್ನು ಕಮ್ಯುನಿಟಿ ಹಾಲಿಗೆ ಕರೆದೊಯ್ದು, ಮಾಡೆಲ್ ಕಾರು ಕಟ್ಟುವವರ ಕ್ಲಬ್ಬಿನ ಬಾಗಿಲಲ್ಲಿ ಇಳಿಸಿ, ತರಕಾರಿ ತರಲು ಹೋಗಿಬಿಟ್ಟ.

ಒಳಗೆ ಹತ್ತು ಹನ್ನೆರಡು ಜನ, ಎಲ್ಲರೂ ಗಂಡಸರು, ಹೆಚ್ಚಿನವರು ನಿವೃತ್ತರು. ಇಂಜಿನ್ ಬಿಡಿಭಾಗಗಳನ್ನು ನಲವತ್ತು ವರ್ಷ ಪರೀಕ್ಷಿಸಿ ರಿಟೈರ್ ಆಗಿದ್ದ ಹಿರಿಯರೊಬ್ಬರು ಟೀ ಕಪ್ ಹಿಡಿದು ಬಂದರು. ಡರ್ಬಿಯವರು ಅಕ್ಕರೆಯಿಂದ ಎಲ್ಲರನ್ನೂ ಕರೆಯುವುದು 'ಡಕ್' ಎಂದು.

"ಯಾರನ್ನಾದರೂ ಕರೆದುಕೊಂಡು ಹೋಗಲು ಬಂದಿರಾ, ಡಕ್?"

"ಇಲ್ಲ. ಕಾರು ಕಟ್ಟಲು ಬಂದೆ."

ಅವರು ನನ್ನ ಮಣಿಕಟ್ಟಿನ ಉದ್ದ ಗಾಯದ ಗುರುತು ನೋಡಿದರು. ಪಕ್ಕದ ಕುರ್ಚಿ ಎಳೆದು ಕೊಟ್ಟರು.

ಅವರು ಒಂದು ಮುಂಜಾನೆಯಲ್ಲಿ ಮುಗಿಸುತ್ತಿದ್ದ ಪ್ಲಾಸ್ಟಿಕ್ ಬಿಡಿಭಾಗಗಳ ಕಿಟ್ ನನಗೆ ಐದು ವಾರ ಹಿಡಿಯಿತು. ಬಾಗಿಲ ಮೇಲೆಲ್ಲ ಅಂಟು, ಬಣ್ಣದಲ್ಲಿ ನನ್ನ ಹೆಬ್ಬೆಟ್ಟಿನ ಗುರುತು. ಎರಡನೆಯದು ಕಾರಿನಂತೆ ಕಂಡಿತು. ಮೂರನೆಯದಕ್ಕೆ ಕೈಹಾಕುವ ಹೊತ್ತಿಗೆ, ಡಬ್ಬಿಯ ಮೇಲಿನ ಚಿತ್ರದಂತೆ ಕಟ್ಟುವುದರಲ್ಲಿ ನನಗೆ ರುಚಿ ಉಳಿದಿರಲಿಲ್ಲ. ನನಗೆ ನನ್ನ ಕಾರೇ ಬೇಕಿತ್ತು.

ಅದು ವಿಜಯಪುರದಲ್ಲಿ ನಾನು ಡ್ರೈವಿಂಗ್ ಕಲಿತ ಕಾರು. ಇಟಲಿಯ ನಕ್ಷೆಯ ಮೇಲೆ ನಮ್ಮಲ್ಲಿ ತಯಾರಾಗುತ್ತಿದ್ದ, ಟ್ಯಾಕ್ಸಿಯವರು ಮೆಚ್ಚುತ್ತಿದ್ದ ಪುಟ್ಟ ಕಾರು. ಸ್ಟೀರಿಂಗ್ ಕಂಬಕ್ಕೇ ಗೇರ್. ಕಲಿಸುವವರಿಗೆಂದು ಎಡಗಡೆಯೂ ಒಂದು ಕ್ಲಚ್, ಒಂದು ಬ್ರೇಕ್. ಆ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದವರು ಹೆಂಗಸು. ನಾವೆಲ್ಲ ಅವರನ್ನು ಗೌರವದಿಂದ ಬಾಯಾರು ಎನ್ನುತ್ತಿದ್ದೆವು. ಗಾಂಧಿ ಚೌಕದ ನಡುವೆ ಇಂಜಿನ್ ನಿಂತು, ಹಿಂದಿನಿಂದ ಹಾರ್ನುಗಳು ಕೂಗತೊಡಗಿ ನಾನು ಅಳುವ ಹಾಗಾದಾಗ, ಬಾಯಾರು ಕಿಟಕಿಯಿಂದ ತಲೆ ಹೊರಗೆ ಹಾಕಿ ಎಲ್ಲರನ್ನೂ ಗದರಿಸಿ, ನನ್ನ ಕಡೆ ತಿರುಗಿ, "ಕ್ಲಚ್ ಬಿಡವ್ವಾ, ಧೈರ್ಯ ಬಿಡಬ್ಯಾಡ" ಎಂದಿದ್ದರು.

ಇಟಲಿಯ ಮೂಲ ಕಾರಿನ ಕಿಟ್ ಹುಡುಕಿದರೆ ಸಿಕ್ಕಿತು. ಇಪ್ಪತ್ನಾಲ್ಕು ಪಟ್ಟು ಚಿಕ್ಕದು, ಗೇಣಿಗೂ ಕಡಿಮೆ ಉದ್ದ. ಆದರೆ ಅದರ ಸ್ಟೀರಿಂಗ್ ಎಡಕ್ಕಿತ್ತು. ಡ್ಯಾಶ್‌ಬೋರ್ಡನ್ನು ಸೀಳಿ, ಅದಲುಬದಲು ಮಾಡಿ ಕೂಡಿಸಿದೆ. ಬಾಗಿಲ ಸಂದುಗಳನ್ನು ಹಲ್ಲು ಕೆರೆಯುವ ಕೊಕ್ಕೆಯಿಂದ ಗೀರಿದೆ. ಗುಂಡುಸೂಜಿಯಿಂದ ಗೇರಿನ ಕಡ್ಡಿ, ತಂತಿಯಿಂದ ಎಡಗಡೆಯ ಎರಡು ಪೆಡಲ್. ಊಟದ ಮೇಜೆಲ್ಲ ಪ್ಲಾಸ್ಟಿಕ್ ಪುಡಿ.

ಗಂಡ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. "ಅಲ್ಲಾ, ಡ್ಯಾಶ್‌ಬೋರ್ಡಿನ ಕೆಳಗಿನ ಪೆಡಲ್ ಯಾರಿಗೆ ಕಾಣಸ್ತಾವ?"

"ಅದಾವಂತ ನನಗ ಗೊತ್ತೈತಲ್ಲಾ, ಸಾಕು."

ಕಾರಿನ ಛಾವಣಿಯ ಮೇಲೊಂದು ಬೋರ್ಡು. ಮೂರೇ ಕೂದಲಿನ ಕುಂಚದಿಂದ ಅದರಲ್ಲಿ 'ಕಲಿಯುತ್ತಿದ್ದೇವೆ, ದಾರಿ ಬಿಡಿ' ಎಂದು ಕೆಂಪಕ್ಷರದಲ್ಲಿ ಬರೆಯಬೇಕಿತ್ತು. 'ತ್ತಿ' ನನ್ನನ್ನು ಒಂಬತ್ತು ದಿನ ಕಾಡಿತು. ಹತ್ತನೆಯ ದಿನ ಒಲಿಯಿತು. ಕ್ಲಬ್ಬಿನವರ ಜೊತೆ ನಾನೂ ವರ್ಷಕ್ಕೊಮ್ಮೆ ನಡೆಯುವ ಮಾಡೆಲ್ ಸ್ಪರ್ಧೆಗೆ ಹೆಸರು ಕೊಟ್ಟೆ.

ಲೀಡ್ಸ್‌ನ ಆ ಪ್ರದರ್ಶನಕ್ಕೆ ಇನ್ನೊಂದು ವಾರವಿದ್ದಾಗ ನಾನೇ ಎಡವಟ್ಟು ಮಾಡಿಕೊಂಡೆ. ಒಳಗಿನ ಕನ್ನಡಿ ಅಂಟಿಸಲು ಅವಸರದಲ್ಲಿ ಸೂಪರ್ ಗ್ಲೂ ಹಚ್ಚಿದೆ. ಅದರ ಆವಿ ತಾಗಿ ಮುಂದಿನ ಗಾಜೆಲ್ಲ ಹಾಲು ಚೆಲ್ಲಿದಂತೆ ಬಿಳುಪಾಯಿತು. ಆ ಕಿಟ್ ಈಗ ತಯಾರಾಗುತ್ತಿರಲಿಲ್ಲ. ಕ್ಲಬ್ಬಿನ ಹಿರಿಯರು ಗಾಜನ್ನು ಬೆಳಕಿಗೆ ಹಿಡಿದು, "ಇದು ಉಳಿಯುವುದಿಲ್ಲ, ಡಕ್. ಮುಂದಿನ ವರ್ಷ ನೋಡೋಣ" ಎಂದರು.

ಮುಂದಿನ ವರ್ಷವೆಂಬ ಮಾತು ಮೈಗೆ ಉರಿ ಹಚ್ಚಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಥಟ್ಟನೆ ಹೊಳೆಯಿತು. ಹಲ್ಲು ಸರಿಯಬಾರದೆಂದು ಹಾಕುವ ಪಾರದರ್ಶಕ ರಿಟೇನರನ್ನು ನಾವು ಹೇಗೆ ಮಾಡುತ್ತೇವೆ? ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಗಾಳಿ ಹೀರಿಸಿ, ಅಚ್ಚಿನ ಮೇಲೆ ಕೂರಿಸುತ್ತೇವೆ. ಹಲ್ಲಿಗಾಗುವುದು ಗಾಜಿಗೇಕಾಗಬಾರದು?

ಮರುದಿನವೇ ಕ್ಲಿನಿಕ್ಕಿನ ಒಡತಿಗೆ ಫೋನ್ ಮಾಡಿದೆ. ಅವರು ನಗುತ್ತಾ, "ಲ್ಯಾಬ್ ಖಾಲಿಯಿದೆ, ಬಾ" ಎಂದರು. ಐದು ತಿಂಗಳ ನಂತರ ಆ ಮೆಟ್ಟಿಲು ಹತ್ತಿದೆ. ಕೆಟ್ಟ ಗಾಜಿನ ಒಳಬದಿಗೆ ಪ್ಲಾಸ್ಟರ್ ತುಂಬಿ ಅಚ್ಚು ಮಾಡಿ, ನಯವಾಗುವವರೆಗೆ ಉಜ್ಜಿದೆ. ಮೊದಲ ಹಾಳೆ ಸುಕ್ಕಾಯಿತು. ಎರಡನೆಯದರಲ್ಲಿ ಗುಳ್ಳೆ. ಮೂರನೆಯದು ನೀರಿನಂತೆ ತಿಳಿಯಾಗಿ ಬಂತು. ಡ್ರಿಲ್ ಎತ್ತಿಕೊಂಡು ಅಂಚು ಕತ್ತರಿಸಿದೆ. ಕೂದಲೆಳೆಯಷ್ಟು ಹೆಚ್ಚಾದರೂ ಗಾಜು ಕೂರುವುದಿಲ್ಲ. ಸುತ್ತು ಮುಗಿಸಿ ತಲೆಯೆತ್ತಿದರೆ, ನನ್ನ ಜೊತೆ ಎಂಟು ವರ್ಷ ಕೆಲಸ ಮಾಡಿದ ನರ್ಸ್ ಬಾಗಿಲಲ್ಲಿ ನಿಂತಿದ್ದಳು.

"ಡಾಕ್ಟರ್, ನಿಮ್ಮ ಕೈ ನೋಡಿಕೊಂಡಿರಾ?"

ನೋಡಿಕೊಂಡೆ. ಬಲಗೈ. ಡ್ರಿಲ್ ಅಲ್ಲಾಡದೆ ನಿಂತಿತ್ತು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಜೋರಾಗಿ ನಕ್ಕೆ. ಅವಳು ಅತ್ತಳು.

ಲೀಡ್ಸ್‌ನಲ್ಲಿ ಒಂದು ದೊಡ್ಡ ಕ್ರೀಡಾ ಹಾಲಿನ ತುಂಬ ಮೇಜುಗಳು. ತೀರ್ಪುಗಾರ್ತಿ ಹಲ್ಲಿನ ಡಾಕ್ಟರು ಬಳಸುವಂಥದೇ ಕಡ್ಡಿಗನ್ನಡಿಯನ್ನು ನನ್ನ ಕಾರಿನೊಳಗೆ ತೂರಿಸಿ, ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು.

"ಎಡಗಡೆಯೂ ಬ್ರೇಕ್ ಇದೆ!"

"ಕಲಿಸುವವರ ಬ್ರೇಕ್ ಅದು. ನನ್ನಂಥವರಿದ್ದರೆ ಬೇಕಾಗುತ್ತದೆ" ಎಂದೆ.

ಅವರು ಮೇಲಿನ ಬೋರ್ಡಿನ ಅರ್ಥ ಕೇಳಿದರು. ಹೇಳಿದೆ. ಪಕ್ಕದವರನ್ನೂ ಕರೆದು ತೋರಿಸಿದರು.

ರೂಪ ಬದಲಿಸಿದ ಕಾರುಗಳ ವಿಭಾಗದಲ್ಲಿ ಮೊದಲ ಬಹುಮಾನಕ್ಕೆ ನನ್ನ ಹೆಸರು ಕೂಗಿದಾಗ, ಅದನ್ನು ಅವರು ಎಷ್ಟು ತಪ್ಪಾಗಿ ಉಚ್ಚರಿಸಿದರೆಂದರೆ ನನಗೇ ತಿಳಿಯಲಿಲ್ಲ. ನಮ್ಮ ಕ್ಲಬ್ಬಿನ ಗಂಡಸರು ಮೇಜು ಕುಟ್ಟಿದ ಮೇಲೆಯೇ ಗೊತ್ತಾದದ್ದು. ಗಂಡ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಸದಾ ಮೆಲ್ಲಗೆ ಮಾತಾಡುವ ಕ್ಲಬ್ಬಿನ ಹಿರಿಯರು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು.

ಬಹುಮಾನ ಬಂದಾಗ 'ನನ್ನದೇನೂ ಇಲ್ಲ' ಎನ್ನಬೇಕೆಂದು ನಮ್ಮನ್ನು ಬೆಳೆಸಿರುತ್ತಾರೆ. ನಾನು ಹಾಗೆನ್ನಲಿಲ್ಲ. ಬಹುಮಾನದ ಕಪ್ಪನ್ನು ಬಲಗೈಯಲ್ಲಿ ತಲೆಗಿಂತ ಮೇಲೆತ್ತಿ, ಇಡೀ ಹಾಲಿಗೆ ಕಾಣುವಂತೆ ಒಂದು ಸುತ್ತು ತಿರುಗಿದೆ. ಮುಂದಿನ ಸೋಮವಾರ ಕೆಲಸಕ್ಕೆ ಹೋದೆ.